ವಾರಕ್ಕೊಂದು ಪೊಟ್ಟಣ

ಮಾಘದ ಬಿಸಿಲು ಹೊತ್ತೇರಿದಂತೆ ಚುರುಕಾಗುತ್ತಿತ್ತು. ಭದ್ರಾ ನಾಲೆಗೆ ನೀರು ಬಿಟ್ಟು ತಿಂಗಳಾಗಿತ್ತು. ಭದ್ರಾವತಿಯಿಂದ ನಾಲ್ಕು ಮೈಲಿ ಆಚೆಗಿದ್ದ ಆ ಹಳ್ಳಿಯ ಬಯಲಿನಲ್ಲಿ ಬೇಸಿಗೆ ಭತ್ತದ ನಾಟಿ ಅರ್ಧ ಮುಗಿದಿತ್ತು. ಪುಟ್ಟಪ್ಪನ ಒಂದೂವರೆ ಎಕರೆ ಗದ್ದೆಯಲ್ಲಿ ಒಂಬತ್ತು ಹೆಂಗಸರು ಸಾಲು ಹಿಡಿದು ಬಗ್ಗಿದ್ದರು. ಕಬ್ಬಿಣದ ಕಾರ್ಖಾನೆಯ ಕೆಲಸದಿಂದ ನಿವೃತ್ತನಾಗಿದ್ದ ಪುಟ್ಟಪ್ಪ ಪಂಚೆ ಮೇಲಕ್ಕೆ ಕಟ್ಟಿಕೊಂಡು ಬದುವಿನ ಮೇಲೆ ನಿಂತು ಸಸಿಯ ಕಂತೆಗಳನ್ನು ಎಸೆಯುತ್ತಿದ್ದ. ಅವನ ಹೆಂಡತಿ ಮಾಸ್ತಮ್ಮ ಸಾಲಿನ ತುದಿಯಲ್ಲಿದ್ದಳು. ಕೈ ಸಸಿ ನೆಡುತ್ತಿದ್ದರೂ ಕಣ್ಣು ಆಗಾಗ ಮನೆಯ ಕಡೆಗೆ ಹೋಗುತ್ತಿತ್ತು. ಮನೆಯಲ್ಲಿ ಮಗಳು ರಂಜಿನಿ ಒಬ್ಬಳೇ ಮಲಗಿದ್ದಳು.

"ಮಾಸ್ತಕ್ಕ, ಸಾಲು ಸೊಟ್ಟ ಆಗ್ತಿದೆ ನೋಡು," ಎಂದಳು ಪಕ್ಕದಲ್ಲಿ ನೆಡುತ್ತಿದ್ದ ನೆರೆಮನೆಯ ಶಾಂತಮ್ಮ. "ಮಗಳೇನು ಹಸುಗೂಸಾ? ಮೂವತ್ನಾಲ್ಕು ವರ್ಷದೋಳು."

"ಹೊಟ್ಟೆ ಆಪರೇಶನ್ ಆದೋಳು ಮಾರಾಯ್ತಿ. ಹಸುಗೂಸಿಗಿಂತ ಕಷ್ಟ."

"ಆಗಿ ಮೂರು ತಿಂಗಳು ಕಳೀತಲ್ಲ. ಎಷ್ಟು ಸಪೂರ ಆಗಿದಾಳೆ! ನನ್ನೂ ಅದೇ ಆಸ್ಪತ್ರೆಗೆ ಕಳಿಸಿ ಅಂತ ನಮ್ಮನೆಯೋರಿಗೆ ಹೇಳ್ತಿದೀನಿ."

"ನಿನ್ನ ಹೊಟ್ಟೆ ಕೊಯ್ದ್ರೆ ಊರೋರ ಸುದ್ದಿ ಬಿಟ್ಟು ಇನ್ನೇನೂ ಸಿಗಲ್ಲ ಬಿಡು," ಎಂದ ಪುಟ್ಟಪ್ಪ ಬದುವಿನ ಮೇಲಿಂದ.

ಹೆಂಗಸರು ಬಗ್ಗಿದಲ್ಲೇ ನಕ್ಕರು. ಆ ನಗು ಮುಗಿದಿರಲಿಲ್ಲ, ಸಾಲಿನ ಇನ್ನೊಂದು ತುದಿಯಿಂದ ಯಾರೋ "ಅಯ್ಯೋ, ಅಲ್ನೋಡ್ರೇ!" ಎಂದರು.

ರಂಜಿನಿ ಬರುತ್ತಿದ್ದಳು. ನೈಟಿಯಲ್ಲಿದ್ದಳು, ಕಾಲಿಗೆ ಚಪ್ಪಲಿ ಇರಲಿಲ್ಲ, ಕೂದಲು ಬಿಚ್ಚಿತ್ತು. ಯಾರ ಕಡೆಗೂ ನೋಡದೆ ನೇರವಾಗಿ ಗದ್ದೆಗೆ ನೀರು ಹಾಯಿಸುವ ಕಿರುಗಾಲುವೆಗೆ ಬಂದಳು. ಮೊಣಕಾಲೂರಿ ಕೂತು, ಎರಡೂ ಕೈಯಲ್ಲಿ ಕೆಸರುನೀರನ್ನು ಬಾಚಿ ಬಾಚಿ ಕುಡಿಯತೊಡಗಿದಳು. ಆಮೇಲೆ ಕೈ ಸಾಲದೆ ಮುಖವನ್ನೇ ನೀರಿಗೆ ಇಟ್ಟಳು.

ಮಾಸ್ತಮ್ಮನ ಕೈಯಲ್ಲಿದ್ದ ಸಸಿ ಜಾರಿ ಬಿತ್ತು. ಕೆಸರಿನಲ್ಲಿ ಎಡವುತ್ತ ಓಡಿ ಹೋಗಿ ಮಗಳ ರಟ್ಟೆ ಹಿಡಿದು ಎಳೆದಳು.

"ಏನೇ ಇದು? ದನ ಕುಡಿಯೋ ನೀರು ಕಣೇ!"

ರಂಜಿನಿಯ ಗಲ್ಲದಿಂದ ಕೆಸರು ಇಳಿಯುತ್ತಿತ್ತು. "ಬಾಯಾರಿಕೆ," ಎಂದಳು. "ನೀನು ಕೊಡಲ್ಲ."

ಅಷ್ಟು ಹೇಳಿ ಅಲ್ಲೇ ವಾಂತಿ ಮಾಡಿಕೊಂಡಳು.

ರಂಜಿನಿಯನ್ನು ಶಿವಮೊಗ್ಗದ ವಿದ್ಯಾನಗರಕ್ಕೆ ಕೊಟ್ಟಿತ್ತು. ಗಂಡ ಪರಮೇಶ್ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತ. ಹತ್ತು ವರ್ಷದ ಮಗಳು ಲಿಖಿತಾ ಶಾಲೆಗೆ ಹೋಗುತ್ತಿದ್ದಳು. ಹೆರಿಗೆಯ ನಂತರ ರಂಜಿನಿಯ ಮೈ ಏರುತ್ತಲೇ ಹೋಗಿ ನೂರಾ ಹನ್ನೆರಡು ಕಿಲೋ ಮುಟ್ಟಿತ್ತು. ಸಕ್ಕರೆ ಕಾಯಿಲೆ ಬಂತು. ಮನೆಯ ಮೆಟ್ಟಿಲು ಹತ್ತಿದರೆ ಮೊಣಕಾಲು ಕೂಗುತ್ತಿತ್ತು. ದೀಪಾವಳಿಯ ಸುಮಾರಿಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ತೂಕ ಇಳಿಸುವ ಆಪರೇಶನ್ ಆಯಿತು. ಹೊಟ್ಟೆಯ ಚೀಲದಲ್ಲಿ ಮುಕ್ಕಾಲು ಭಾಗ ತೆಗೆದು, ಬಾಳೆಕಾಯಿಯಷ್ಟು ಅಗಲ ಉಳಿಸಿದ್ದೇವೆ ಎಂದು ಡಾಕ್ಟರು ವಿವರಿಸಿದ್ದರು. ಇನ್ನು ಮೇಲೆ ಊಟ ನಾಲ್ಕೇ ತುತ್ತು. ಆ ನಾಲ್ಕು ತುತ್ತಿನಲ್ಲಿ ಮೈಗೆ ಬೇಕಾದ್ದೆಲ್ಲ ಸಿಗುವುದಿಲ್ಲವಾದ್ದರಿಂದ ಕಬ್ಬಿಣದ ಮಾತ್ರೆ, ಸುಣ್ಣಾಂಶದ ಮಾತ್ರೆ, ವಿಟಮಿನ್ ಮಾತ್ರೆ ಜೀವನಪೂರ್ತಿ. ಜೊತೆಗೆ ವಿಟಮಿನ್ ಡಿ ಪುಡಿಯ ಪೊಟ್ಟಣ, ವಾರಕ್ಕೊಂದು, ಹಾಲಿನಲ್ಲಿ.

"ಎರಡು ತಿಂಗಳಿಗೊಮ್ಮೆ ಬಂದು ರಕ್ತ ಪರೀಕ್ಷೆ ಮಾಡಿಸ್ಬೇಕು," ಎಂದೂ ಹೇಳಿದ್ದರು. ಬೆಂಗಳೂರು ದೂರ. ಆ ಮಾತು ಹಿಂದೆ ಬಿತ್ತು.

ಆಪರೇಶನ್ ಆದ ಮಗಳು ಆರೈಕೆಗೆ ತವರಿಗೆ ಬಂದಳು. ಮಾಸ್ತಮ್ಮನಿಗೆ ಗೊತ್ತಿದ್ದ ಆರೈಕೆ ಒಂದೇ, ಬಾಣಂತನ. ಹೊಟ್ಟೆ ಕೊಯ್ಯಿಸಿಕೊಂಡು ಬಂದವಳು ಬಾಣಂತಿಯಲ್ಲದೆ ಇನ್ನೇನು? ನಡುಮನೆಯ ಕತ್ತಲೆ ಮೂಲೆಯಲ್ಲಿ ಹಾಸಿಗೆ ಹಾಕಿದಳು. ಕಿವಿಗೆ ಬಟ್ಟೆ ಕಟ್ಟಿದಳು. ನಡುವಿಗೆ ಹಳೆಯ ಸೀರೆ ಬಿಗಿದಳು. ಎಲ್ಲಕ್ಕಿಂತ ಮುಖ್ಯವಾಗಿ, ನೀರನ್ನು ಅಳೆದಳು. ಬಾಣಂತಿ ನೀರು ಕುಡಿದರೆ ಹೊಟ್ಟೆ ದಪ್ಪಗಾಗುತ್ತದೆ ಎಂದು ಅವಳಿಗೆ ಅವಳ ಅತ್ತೆ ಹೇಳಿದ್ದಳು. ಹೊಟ್ಟೆ ಕರಗಿಸಲೆಂದೇ ಇಷ್ಟೆಲ್ಲ ಮಾಡಿಸಿಕೊಂಡವಳಿಗೆ ನೀರು ಕೊಟ್ಟು ಮತ್ತೆ ಉಬ್ಬಿಸುವುದೇ? ಹೊತ್ತಿಗೆ ಅರ್ಧ ಲೋಟ ಜೀರಿಗೆ ಕಷಾಯ. ಅಷ್ಟೇ.

ಮೊದಲ ತಿಂಗಳು ಮಾಸ್ತಮ್ಮ ಒಮ್ಮೆ ಹೆದರಿದ್ದಳು. ಮಗಳಿಗೆ ಇದ್ದಿಲಿನಂಥ ಕಪ್ಪು ಮಲ ಹೋಗತೊಡಗಿತ್ತು. ಪರಮೇಶ್ ಬೆಂಗಳೂರಿಗೆ ಫೋನು ಮಾಡಿದ. ಡಾಕ್ಟರು ಎಲ್ಲವನ್ನೂ ಕೇಳಿ, ಇದು ಕಬ್ಬಿಣದ ಮಾತ್ರೆಯಿಂದ, ರಕ್ತವಲ್ಲ, ಆದರೂ ಕೇಳಿದ್ದು ಒಳ್ಳೆಯದಾಯಿತು ಎಂದರು. ಪುಟ್ಟಪ್ಪ ಮಾತ್ರ ತಿಂಗಳಿಡೀ ಆಡಿಕೊಂಡ. "ಮೂವತ್ತು ವರ್ಷ ನಾನು ಕಬ್ಬಿಣ ಕಾಯಿಸ್ದೆ, ಒಂದಿನ ಹೆದರಲಿಲ್ಲ. ಇವಳು ಒಂದು ಮಾತ್ರೆ ಕಬ್ಬಿಣಕ್ಕೆ ಬೆಂಗಳೂರಿಗೆ ಫೋನ್ ಮಾಡಿಸಿದ್ಲು!" ಆ ನಗೆಚಾಟಿಕೆ ಮಾಸ್ತಮ್ಮನಿಗೆ ಚುಚ್ಚಿತು. ಇನ್ನು ಮುಂದೆ ಸಣ್ಣ ಸಣ್ಣದಕ್ಕೆಲ್ಲ ಯಾರನ್ನೂ ಕೇಳಬಾರದು ಎಂದುಕೊಂಡಳು.

ಎರಡನೆಯ ತಿಂಗಳು ರಂಜಿನಿಯ ಕೂದಲು ಉದುರತೊಡಗಿತು. ಬಾಚಣಿಗೆ ಹಾಕಿದರೆ ಹಿಡಿಹಿಡಿ ಬರುತ್ತಿತ್ತು. ಮೈಕೈ ನೋವೆನ್ನುತ್ತಿದ್ದಳು.

"ಶಕ್ತಿ ಸಾಲ್ತಿಲ್ಲ," ಎಂದು ತೀರ್ಮಾನಿಸಿದಳು ಮಾಸ್ತಮ್ಮ. "ಆ ಪುಡಿ ಅಷ್ಟು ಸಣ್ಣ ಪೊಟ್ಟಣ. ವಾರಕ್ಕೊಂದು ಯಾವ ಮೂಲೆಗೆ ಸಾಕು? ಬಾಣಂತಿಗೆ ಲೇಹ್ಯ ವಾರಕ್ಕೊಂದ್ಸಲ ಕೊಡ್ತಾರಾ?"

"ವಾರಕ್ಕೊಂದೇ ಅಮ್ಮ. ಚೀಟೀಲಿ ಹಾಗೇ ಬರ್ದಿದಾರೆ," ಎಂದಿದ್ದಳು ರಂಜಿನಿ.

ಮಾಸ್ತಮ್ಮ ವಾದಿಸಲಿಲ್ಲ. ಮರುದಿನದಿಂದ ಬೆಳಗಿನ ಹಾಲಿಗೆ ಮಗಳಿಗೆ ಹೇಳದೆ ಒಂದೊಂದು ಪೊಟ್ಟಣ ಬೆರೆಸಿದಳು. ಮಗಳಿಗೆ ಒಳ್ಳೆಯದನ್ನು ಕದ್ದು ಕೊಡುವುದರಲ್ಲಿ ತಪ್ಪೇನಿದೆ? ಲೇಹ್ಯದ ಹಾಗೆ ದಿನಾ ಬೆಳಗ್ಗೆ, ಖಾಲಿ ಹೊಟ್ಟೆಗೆ. ಸುಣ್ಣಾಂಶದ ಮಾತ್ರೆ ಒಂದಿದ್ದದ್ದು ಎರಡಾಯಿತು. ಪೊಟ್ಟಣ ಮುಗಿದಾಗ ಪುಟ್ಟಪ್ಪನಿಗೆ ಖಾಲಿ ಡಬ್ಬಿ ಕೊಟ್ಟು ಕಳಿಸಿದಳು. ಬೆಲ್ಲ, ಬೇಳೆ ತರಲು ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿದ್ದ ಅವನು ಪಕ್ಕದ ಬೀದಿಯ ಔಷಧಿ ಅಂಗಡಿಯಲ್ಲಿ ಡಬ್ಬಿ ತೋರಿಸಿದ. ಅಂಗಡಿಯವನು ಚೀಟಿ ಕೇಳಲಿಲ್ಲ. "ವಿಟಮಿನ್ ತಾನೆ ಯಜಮಾನ್ರೇ, ತಗೊಳ್ಳಿ," ಎಂದು ಇಡೀ ಡಬ್ಬಿ ಕೊಟ್ಟ. ಎರಡು ಸಲ ಹಾಗೇ ಆಯಿತು.

ಐದನೆಯ ವಾರದ ಹೊತ್ತಿಗೆ ರಂಜಿನಿಗೆ ಊಟ ಬೇಡವಾಯಿತು. ನಾಲ್ಕು ತುತ್ತು ಎರಡಾಯಿತು. ಹೊಟ್ಟೆ ಕಟ್ಟಿತು, ಮಲ ಸರಿಯಾಗಿ ಹೋಗುತ್ತಿರಲಿಲ್ಲ. ರಾತ್ರಿಯೆಲ್ಲ ಒಂದಕ್ಕೆ ಎದ್ದು ಎದ್ದು ಹೋಗುತ್ತಿದ್ದಳು. ಆಮೇಲೆ ವಾಂತಿ. ಆಮೇಲೆ ಆ ಬಾಯಾರಿಕೆ. ನೋಡಿದವರೆಲ್ಲ "ಕರಗ್ತಿದಾಳೆ, ಒಳ್ಳೇದಾಯ್ತು" ಎನ್ನುತ್ತಿದ್ದರು. ಮಾಸ್ತಮ್ಮನೂ ಹಾಗೇ ಅಂದುಕೊಂಡಳು. ಅಂದುಕೊಳ್ಳದೆ ಬೇರೆ ಯೋಚನೆ ಮಾಡಲು ಅವಳಿಗೆ ಭಯವಾಗುತ್ತಿತ್ತು.

ಆ ದಿನ ಗದ್ದೆಯಿಂದ ಮಗಳನ್ನು ಇಬ್ಬರು ಹಿಡಿದು ಮನೆಗೆ ತಂದರು. ಜಗಲಿಯ ಮೇಲೆ ಕೂರಿಸಿ ಮುಖ ತೊಳೆದರು. ರಂಜಿನಿ ಗೋಡೆಗೆ ಒರಗಿ ಕೂತು ಸುತ್ತ ನೋಡಿದಳು. ಆಮೇಲೆ ತಾಯಿಯ ಕಡೆ ತಿರುಗಿ, ಗೊತ್ತಿಲ್ಲದವರನ್ನು ಕೇಳುವ ಹಾಗೆ ಮೆತ್ತಗೆ ಕೇಳಿದಳು.

"ಈ ಬಸ್ಸು ವಿದ್ಯಾನಗರಕ್ಕೆ ಹೋಗುತ್ತಾ?"

"ನಾನು ಕಣೇ, ಅಮ್ಮ," ಎಂದಳು ಮಾಸ್ತಮ್ಮ.

"ಟಿಕೆಟ್ ತಗೊಂಡಿಲ್ಲ," ಎಂದಳು ರಂಜಿನಿ. ಅವಳ ಬೆರಳುಗಳು ಮಡಿಲಲ್ಲಿ ತಮ್ಮಷ್ಟಕ್ಕೆ ಮಿಡುಕುತ್ತಿದ್ದವು.

ಶಾಂತಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. "ಮಾಸ್ತಕ್ಕ, ಇದು ಕಾಯಿಲೆ ಅಲ್ಲ. ಹೊತ್ತಲ್ಲದ ಹೊತ್ತಲ್ಲಿ ನೀರಿನ ಹತ್ರ ಹೋಗಿದಾಳೆ. ಗಾಳಿ ಸೋಕಿದೆ. ನಾಲೆ ಆಚೆ ಉಜ್ಜನಪ್ಪ ತಾಯಿತ ಕಟ್ತಾನೆ, ಕತ್ತಲಾಗೋದ್ರೊಳಗೆ ಕರ್ಕೊಂಡು ಹೋಗು."

ಮಾಸ್ತಮ್ಮನಿಗೆ ಆ ಮಾತು ಒಂದು ಗಳಿಗೆ ಸಮಾಧಾನವನ್ನೇ ಕೊಟ್ಟಿತು. ಗಾಳಿಯಾದರೆ ತನ್ನ ಕೈಯದಲ್ಲ.

ಅಷ್ಟರಲ್ಲಿ ಬೀದಿಯಲ್ಲಿ ನೀಲಿ ಅಂಚಿನ ಬಿಳಿ ಸೀರೆ ಕಂಡಿತು. ಪೋಲಿಯೊ ಹನಿ ಹಾಕಿದ ಮನೆಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ ಬರುತ್ತಿದ್ದ ಆರೋಗ್ಯ ಕಾರ್ಯಕರ್ತೆ ಮಧುಶ್ರೀ, ಜಗಲಿಯ ಗುಂಪು ನೋಡಿ ಒಳಗೆ ಬಂದಳು. ಊರಿನವರಿಗೆ ಅವಳು ಸಿಸ್ಟರು. ರಂಜಿನಿಯ ನಾಡಿ ಹಿಡಿದಳು, ನಾಲಿಗೆ ನೋಡಿದಳು, ಕೈಯ ಚರ್ಮ ಹಿಂಡಿ ಬಿಟ್ಟಳು. ಹಿಂಡಿದ ಚರ್ಮ ಹಾಗೇ ನಿಂತಿತು.

"ಮೈಯಲ್ಲಿ ನೀರೇ ಇಲ್ಲ. ಎಷ್ಟು ನೀರು ಕುಡೀತಾರೆ ಅಮ್ಮ?"

"ಕುಡೀತಾಳೆ, ಬೇಕಾದಷ್ಟು," ಎಂದಳು ಮಾಸ್ತಮ್ಮ.

"ಏನೇನು ಔಷಧಿ ಕೊಡ್ತೀರಿ, ಎಲ್ಲ ತನ್ನಿ."

ಮಾಸ್ತಮ್ಮ ಸ್ಟೀಲಿನ ಡಬ್ಬಿ ತಂದಳು. ಸ್ಟ್ರಿಪ್ಪಿನಿಂದ ಬಿಡಿಸಿದ ಮಾತ್ರೆಗಳೆಲ್ಲ ಅದರಲ್ಲಿ ಒಟ್ಟಿಗೆ ಬೆರೆತಿದ್ದವು. ಕೆಂಪು ಯಾವುದಕ್ಕೆ, ಬಿಳಿ ಯಾವುದಕ್ಕೆ ಎಂದು ಮಧುಶ್ರೀಗೂ ತಿಳಿಯಲಿಲ್ಲ. ಕೊನೆಗೆ ಪೊಟ್ಟಣವೊಂದನ್ನು ಎತ್ತಿ ಬೆಳಕಿಗೆ ಹಿಡಿದು ಓದಿದಳು.

"ಇದನ್ನ ವಾರಕ್ಕೊಂದೇ ತಾನೆ ಕೊಟ್ಟಿದ್ದು?"

ಮಾಸ್ತಮ್ಮ ಡಬ್ಬಿಯ ಮುಚ್ಚಳ ಹಿಡಿದುಕೊಂಡು ಮಗಳ ಕಡೆ ನೋಡಿದಳು.

"ಯಾಕೆ ಕೇಳ್ತೀನಿ ಅಂದ್ರೆ, ಇದು ಜೋರಾದ ಔಷಧಿ. ಬೇರೆ ಕೆಲವು ವಿಟಮಿನ್ ಹೆಚ್ಚಾದ್ರೆ ಮೂತ್ರದಲ್ಲಿ ಹೋಗುತ್ತೆ. ಇದು ಹೋಗಲ್ಲ, ಮೈಯಲ್ಲೇ ಕೂತ್ಕೊಳುತ್ತೆ. ಹೆಚ್ಚಾದ್ರೆ ವಿಷದ ಹಾಗೆ ಕೆಲಸ ಮಾಡುತ್ತೆ ಅಂತ ನಮ್ಗೆ ಟ್ರೈನಿಂಗಲ್ಲಿ ಹೇಳಿದಾರೆ."

ಜಗಲಿಯ ಮೇಲೆ ಎಂಟು ಹೆಂಗಸರು ನಿಂತಿದ್ದರು. ಪುಟ್ಟಪ್ಪ ಕೆಸರುಗಾಲಲ್ಲಿ ಬಾಗಿಲ ಹತ್ತಿರ ನಿಂತಿದ್ದ.

"ವಾರಕ್ಕೊಂದೇ," ಎಂದಳು ಮಾಸ್ತಮ್ಮ.

ಮಧುಶ್ರೀ ಅವಳ ಮುಖವನ್ನು ಒಂದು ಕ್ಷಣ ನೋಡಿದಳು. ಆಮೇಲೆ ಹೆಚ್ಚು ಕೇಳಲಿಲ್ಲ. "ತಾಯಿತ ಗೀಯಿತ ಏನೂ ಬೇಡ. ಈಗ್ಲೇ ಶಿವಮೊಗ್ಗಕ್ಕೆ ಹೊರಡಿ. ನಾನೂ ಬರ್ತೀನಿ. ಡಬ್ಬಿ, ಚೀಟಿ, ಪೊಟ್ಟಣ ಎಲ್ಲ ತಗೊಳ್ಳಿ," ಎಂದು ತನ್ನ ಮೊಬೈಲಿನಿಂದ ಪರಮೇಶನಿಗೆ ತಿಳಿಸಿದಳು.

ಊರಿನ ಜಟ್ಟಪ್ಪನ ಓಮ್ನಿ ವ್ಯಾನಿನಲ್ಲಿ ಹೊರಟರು. ರಂಜಿನಿಯ ತಲೆ ಮಾಸ್ತಮ್ಮನ ತೊಡೆಯ ಮೇಲಿತ್ತು. ಭದ್ರಾವತಿ ದಾಟುವಾಗ ಕಾರ್ಖಾನೆಯ ಪಾಳಿಯ ಕೂಗು ಕೇಳಿತು. ಬೇರೆ ದಿನವಾದರೆ ಪುಟ್ಟಪ್ಪ ಗಡಿಯಾರ ನೋಡಿ ಏನಾದರೂ ಅನ್ನುತ್ತಿದ್ದ. ಇವತ್ತು ಸುಮ್ಮನಿದ್ದ. ರಂಜಿನಿ ಈಗ ಟಿಕೆಟ್ಟಿನ ಮಾತೂ ಆಡುತ್ತಿರಲಿಲ್ಲ. ಕರೆದರೆ ರೆಪ್ಪೆ ಮಾತ್ರ ಅಲ್ಲಾಡುತ್ತಿತ್ತು. ಮಾಸ್ತಮ್ಮ ಮನಸ್ಸಿನಲ್ಲೇ ಬೆಳಗಿನ ಹಾಲಿನ ಲೋಟಗಳನ್ನು ಎಣಿಸತೊಡಗಿದಳು. ಇಪ್ಪತ್ತು ದಾಟಿದ ಮೇಲೆ ಎಣಿಸಲು ಧೈರ್ಯ ಬರಲಿಲ್ಲ. ವಿಷದ ಹಾಗೆ, ಎಂದಿದ್ದಳು ಸಿಸ್ಟರು. ಈಗ ಹೇಳಿಬಿಡಲೇ? ಅಳಿಯನಿಗೆ ಗೊತ್ತಾದರೆ? ಊರಿಗೆ ಗೊತ್ತಾದರೆ? ಹೆತ್ತ ಮಗಳಿಗೆ ಕೈಯಾರೆ ವಿಷ ಹಾಕಿದಳು ಅನ್ನುವುದಿಲ್ಲವೇ? ಆಸ್ಪತ್ರೆಯವರು ಹೇಗಿದ್ದರೂ ಕಂಡುಹಿಡಿಯುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು.

ಶಿವಮೊಗ್ಗದ ನರ್ಸಿಂಗ್ ಹೋಮಿನಲ್ಲಿ ಪರಮೇಶ್ ಬಾಗಿಲಲ್ಲೇ ಕಾದಿದ್ದ. ಆ ಹೊತ್ತಿಗೆ ಅಲ್ಲಿದ್ದವರು ಡಾಕ್ಟರ್ ನರಸಿಂಹಮೂರ್ತಿ. ರಂಜಿನಿಯನ್ನು ಪರೀಕ್ಷಿಸಿದರು, ರಕ್ತ ತೆಗೆಸಿ ಲ್ಯಾಬಿಗೆ ಕಳಿಸಿದರು, ಕೈಗೆ ಡ್ರಿಪ್ ಹಾಕಿಸಿದರು. ಚೀಟಿ ಓದಿ ಮುಗಿಸಿ ಕನ್ನಡಕ ತೆಗೆದರು.

"ಔಷಧಿ ಎಲ್ಲ ಚೀಟೀಲಿ ಇದ್ದ ಹಾಗೇ ಕೊಟ್ಟಿದೀರಾ?"

"ನಮ್ಮತ್ತೆ ಕೊಡ್ತಾರೆ ಡಾಕ್ಟ್ರೇ," ಎಂದ ಪರಮೇಶ್. "ಅವರು ನೋಡ್ಕೊಳ್ಳೋದ್ರಲ್ಲಿ ಒಂದು ಚೂರೂ ಆಚೀಚೆ ಆಗಲ್ಲ. ನಾನಾಗಿದ್ರೆ ಮರೀತಿದ್ದೆ."

ಮಾಸ್ತಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಈ ಆಪರೇಶನ್ ಆದೋರಿಗೆ ಸಾಮಾನ್ಯವಾಗಿ ವಿಟಮಿನ್ ಕಡಿಮೆ ಆಗೋದೇ ತೊಂದರೆ," ಎಂದರು ಡಾಕ್ಟರು. "ಜಾಸ್ತಿ ವಾಂತಿ ಆದಾಗ ಬಿ ಒನ್ ಅನ್ನೋದು ಖಾಲಿಯಾಗಿ ಮಾತು ತಪ್ಪುತ್ತೆ. ಅದಕ್ಕೆ ಇಂಜೆಕ್ಷನ್ ಕೊಟ್ಟಿದೀನಿ. ಕೈ ಮಿಡುಕ್ತಿರೋದು ನೋಡಿದ್ರೆ ಸುಣ್ಣಾಂಶನೂ ಕಡಿಮೆ ಇರ್ಬೇಕು. ರಿಪೋರ್ಟ್ ಬರೋದು ಎರಡು ಗಂಟೆ ಆಗುತ್ತೆ, ಅಲ್ಲೀವರೆಗೆ ಕಾಯೋ ಸ್ಥಿತಿ ಕಾಣ್ತಿಲ್ಲ. ನರ್ಸ್, ಒಂದು ಕ್ಯಾಲ್ಸಿಯಂ ತನ್ನಿ, ಜೊತೆಗೆ ವಿಟಮಿನ್ ಡಿ ಇಂಜೆಕ್ಷನ್ ತರಿಸಿ."

ಮಾಸ್ತಮ್ಮ ತಲೆ ಎತ್ತಿದಳು. ಇನ್ನೂ ಕೊಡುತ್ತಾರೆಯೇ? ಅದನ್ನೇ? ಮಧುಶ್ರೀ ಮಗ್ಗುಲಲ್ಲಿ ನಿಂತು ಅವಳನ್ನೇ ನೋಡುತ್ತಿದ್ದಳು. ಒಳಗಿನಿಂದ ಟ್ರೇಯ ಸದ್ದು ಬಂತು. ನರ್ಸು ಗಾಜಿನ ಕೊಳವೆಯ ಕುತ್ತಿಗೆ ಮುರಿದು ಸಿರಿಂಜಿಗೆ ಔಷಧಿ ಎಳೆದುಕೊಂಡು ಬಂದಳು. ರಂಜಿನಿಯ ಕೈಯ ಡ್ರಿಪ್ಪಿನ ನಳಿಗೆಯನ್ನು ಹಿಡಿದಳು.

"ಹಾಕ್ಬೇಡಿ!"

ನರ್ಸು ಬೆಚ್ಚಿ ನಿಂತಳು. ಮಾಸ್ತಮ್ಮ ಹಾಸಿಗೆಗೂ ನರ್ಸಿಗೂ ನಡುವೆ ಬಂದು ನಿಂತಿದ್ದಳು. ಸೀರೆಗೆ ಅಂಟಿದ್ದ ಗದ್ದೆಯ ಕೆಸರು ಇನ್ನೂ ಒಣಗಿರಲಿಲ್ಲ.

"ಅವಳಿಗೆ ಕಡಿಮೆ ಆಗಿಲ್ಲ. ನಾನು ದಿನಾ ಕೊಟ್ಟಿದೀನಿ. ಆ ಪೊಟ್ಟಣ. ದಿನಾ ಬೆಳಗ್ಗೆ ಹಾಲಲ್ಲಿ. ಅವಳಿಗೂ ಹೇಳ್ದೆ."

"ಎಷ್ಟು ದಿನ?" ಡಾಕ್ಟರ ದನಿ ಬದಲಾಯಿತು.

"ಏಳು ವಾರ."

"ನಾನೇ ತಂದು ಕೊಟ್ಟಿದ್ದು," ಎಂದ ಪುಟ್ಟಪ್ಪ ಹಿಂದಿನಿಂದ. "ಎರಡು ಸಲ. ನನಗೆ ಗೊತ್ತಾಗಲಿಲ್ಲ ಸ್ವಾಮಿ, ವಿಟಮಿನ್ ತಾನೆ ಅಂದ್ರು."

"ಸುಣ್ಣದ ಮಾತ್ರೆನೂ ಎರಡೆರಡು," ಮಾಸ್ತಮ್ಮ ಒಂದೇ ಉಸಿರಿಗೆ ಹೇಳುತ್ತಿದ್ದಳು, ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲವೆಂಬಂತೆ. "ನೀರೂ ಕೊಟ್ಟಿಲ್ಲ. ಕೇಳಿದ್ಲು. ದಿನಾ ಕೇಳಿದ್ಲು. ಬಾಣಂತಿ ಹಾಗೆ ಅಂತ ನಾನು ಕೊಡಲಿಲ್ಲ."

ಡಾಕ್ಟರು ನರ್ಸಿನ ಕೈಯಿಂದ ಸಿರಿಂಜನ್ನು ತಾವೇ ತೆಗೆದು ಟ್ರೇಯಲ್ಲಿಟ್ಟರು. "ರಿಪೋರ್ಟಿಗೆ ಮೊದಲು ಇದನ್ನ ತರಿಸಿದ್ದು ನನ್ನ ಆತುರ. ಒಂದು ವರ್ಷದ ಔಷಧಿ ಏಳು ವಾರದಲ್ಲಿ ಹೋಗಿದೆ ಅಮ್ಮ. ಇದರ ಮೇಲೆ ನಾನು ಇದನ್ನೂ ಏರಿಸಿಬಿಟ್ಟಿದ್ರೆ..." ನರ್ಸಿನ ಕಡೆ ತಿರುಗಿದರು. "ಲ್ಯಾಬಿಗೆ ಫೋನ್ ಮಾಡಿ. ಕ್ಯಾಲ್ಸಿಯಂ ಮೊದಲು ನೋಡೋಕೆ ಹೇಳಿ."

ಪರಮೇಶ್ ಎದ್ದ. ಅತ್ತೆಯ ಕಡೆ ನೋಡಲಿಲ್ಲ. "ಲಿಖಿತಾಗೆ ಏನು ಹೇಳ್ಲಿ ನಾನು?" ಎಂದು ಗೋಡೆಗೆ ಕೇಳಿದ ಹಾಗೆ ಕೇಳಿ ಹೊರಗೆ ಹೋದ.

ಲ್ಯಾಬಿನವರು ಅರ್ಧ ಗಂಟೆಯಲ್ಲಿ ಹೇಳಿದರು. ರಕ್ತದಲ್ಲಿ ಹತ್ತರ ಆಸುಪಾಸಿನಲ್ಲಿ ಇರಬೇಕಾದ ಕ್ಯಾಲ್ಸಿಯಂ ಹದಿನೈದರ ಹತ್ತಿರ ಇತ್ತು. ಮೂತ್ರಪಿಂಡಗಳು ಸೋತಿದ್ದವು. ಇನ್ನೊಂದೆರಡು ದಿನ ತಡವಾಗಿದ್ದರೆ ಹೃದಯದ ಬಡಿತ ತಪ್ಪುತ್ತಿತ್ತು ಎಂದರು ಡಾಕ್ಟರು.

ಎರಡು ದಿನ ಬಾಟಲಿಯ ಮೇಲೆ ಬಾಟಲಿ ಸಲೈನು ಇಳಿಯಿತು. ಎರಡು ದಿನವೂ ರಂಜಿನಿ ಕಣ್ಣು ಬಿಡಲಿಲ್ಲ. ಮಾಸ್ತಮ್ಮ ಹಾಸಿಗೆಯ ಪಕ್ಕದ ನೆಲದ ಮೇಲೆ ಕೂತಿದ್ದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಹನಿ ಬೀಳುವುದನ್ನು ನೋಡುವಳು. ನಿಂತಿತೆಂದು ಅನಿಸಿದರೆ ಎದ್ದು ಹೋಗಿ ನರ್ಸನ್ನು ಕರೆಯುವಳು. ಊಟ ತಂದರೆ ತಟ್ಟೆ ಹಾಗೇ ಇರುವುದು. ಮಗಳ ಎದೆ ಏರಿಳಿಯುತ್ತಿದೆಯೇ ಎಂದು ನೋಡಿ ನೋಡಿ, ತನ್ನ ಉಸಿರು ಬಿಡುವುದನ್ನೇ ಮರೆಯುವಳು.

ಮಧುಶ್ರೀ ಎರಡನೆಯ ದಿನ ಸಂಜೆ ಬಂದು ಪಕ್ಕದಲ್ಲಿ ಕೂತಳು.

"ನೀನು ಆವತ್ತೇ ಕಂಡುಹಿಡಿದಿದ್ದೆ ಅಲ್ವೇನೇ?" ಎಂದಳು ಮಾಸ್ತಮ್ಮ.

"ಅನುಮಾನ ಬಂದಿತ್ತು ಅಮ್ಮ. ಅಷ್ಟು ಜನರ ಮುಂದೆ ಕೇಳಿದ್ದು ನಂದೂ ತಪ್ಪು. ಆಮೇಲಾದ್ರೂ ನಾನು ಡಾಕ್ಟ್ರಿಗೆ ಹೇಳ್ಬೇಕಿತ್ತು. ನೀವೇ ಹೇಳ್ತೀರಿ ಅಂತ ಕಾದೆ. ಹಾಗೆ ಕಾಯೋ ಹೊತ್ತಲ್ಲ ಅದು."

"ಇವಳು ಎದ್ದು ಬಂದ್ರೆ ಆ ಡಬ್ಬೀನ ನಾಲೆಗೆ ಎಸೀತೀನಿ. ಒಂದು ಮಾತ್ರೆ ಕೊಡಲ್ಲ ಇನ್ನು."

"ಅಯ್ಯೋ, ಹಾಗೆ ಮಾಡಿದ್ರೆ ಇನ್ನೊಂದು ಅನಾಹುತ! ಅವರ ಹೊಟ್ಟೆ ಈಗ ಸಣ್ಣದು ಅಮ್ಮ. ಊಟದಿಂದ ಸಾಲಲ್ಲ. ಕಬ್ಬಿಣ ಬಿಟ್ರೆ ರಕ್ತ ಕಡಿಮೆ ಆಗುತ್ತೆ. ಬಿ ಹನ್ನೆರಡು ಬಿಟ್ರೆ ಕೈಕಾಲು ಜೋಮು ಹಿಡಿದು ನರ ಹಾಳಾಗುತ್ತೆ. ಈ ಡಿ ಮತ್ತೆ ಸುಣ್ಣಾಂಶ ಮಾತ್ರ ಡಾಕ್ಟ್ರು ಹೇಳೋವರೆಗೂ ಬೇಡ. ಉಳಿದದ್ದು ಬೇಕೇ ಬೇಕು, ಬರೆದಷ್ಟೇ, ಬರೆದ ಹೊತ್ತಿಗೇ."

"ಕೂದಲು ಉದುರ್ತಿತ್ತಲ್ಲೇ. ಅದಕ್ಕೇ ನಾನು..."

"ಈ ಆಪರೇಶನ್ ಆದ ಮೊದಲ ಕೆಲವು ತಿಂಗಳಲ್ಲಿ ತುಂಬಾ ಜನಕ್ಕೆ ಉದುರುತ್ತೆ, ಸಾಮಾನ್ಯವಾಗಿ ಆಮೇಲೆ ಬರುತ್ತೆ. ಒಂದು ಮಾತು ಕೇಳಿದ್ರೆ ಸಾಕಿತ್ತು."

"ಕೇಳೋಕೆ ನಾಚಿಕೆ ಆಯ್ತು," ಎಂದಳು ಮಾಸ್ತಮ್ಮ. "ಕಪ್ಪಗೆ ಹೋಗ್ತಿದೆ ಅಂತ ಕೇಳಿದ್ದಕ್ಕೆ ತಿಂಗಳೆಲ್ಲ ನಕ್ಕಿದ್ರು."

ಬಾಗಿಲ ಹತ್ತಿರ ನಿಂತಿದ್ದ ಪುಟ್ಟಪ್ಪ ತಲೆ ತಗ್ಗಿಸಿ ಹೊರಗೆ ಹೋದ.

ಮೂರನೆಯ ದಿನ ಬೆಳಗ್ಗೆ ರಂಜಿನಿ ಕಣ್ಣು ಬಿಟ್ಟಳು. ಸೂರು ನೋಡಿದಳು, ಬಾಟಲಿ ನೋಡಿದಳು, ಆಮೇಲೆ ಕೆಳಗೆ ಕೂತಿದ್ದವಳನ್ನು ನೋಡಿದಳು.

"ಅಮ್ಮ, ನೆಲದ ಮೇಲ್ಯಾಕೆ ಕೂತಿದೀಯ? ಥಂಡಿ ಆಗುತ್ತೆ."

ಮಾಸ್ತಮ್ಮ ಎದ್ದು ಹಾಸಿಗೆಯ ಅಂಚಿಗೆ ಬಂದಳು.

"ನೀರು," ಎಂದಳು ರಂಜಿನಿ. ಕೇಳಿದವಳೇ ಅಭ್ಯಾಸದಿಂದ, "ಸ್ವಲ್ಪ ಸಾಕು," ಎಂದೂ ಸೇರಿಸಿದಳು.

ಆ ಎರಡು ಮಾತು ಮಾಸ್ತಮ್ಮನಿಗೆ ತಾಗಿದ ಹಾಗೆ ಯಾರ ಬೈಗುಳವೂ ತಾಗಿರಲಿಲ್ಲ. "ಕೊಡಬಹುದಾ?" ಎಂದು ನರ್ಸನ್ನು ಕೇಳಿದಳು. "ಕೊಡಿ. ಗುಟುಕು ಗುಟುಕಾಗಿ, ದಿನವಿಡೀ," ಎಂದಳು ನರ್ಸು. ಮಾಸ್ತಮ್ಮ ಚಮಚದಿಂದ ಕುಡಿಸಿದಳು. ಅರ್ಧ ಲೋಟ ಮುಗಿಯಲು ಕಾಲು ಗಂಟೆ ಹಿಡಿಯಿತು. ಮುಗಿದ ಮೇಲೆ ಮತ್ತೆ ತುಂಬಿದಳು.

ಹನ್ನೊಂದನೆಯ ದಿನ ರಂಜಿನಿಯನ್ನು ಪರಮೇಶ್ ನೇರವಾಗಿ ವಿದ್ಯಾನಗರಕ್ಕೆ ಕರೆದುಕೊಂಡು ಹೋದ. ಮೂತ್ರಪಿಂಡಕ್ಕೆ ಬಿದ್ದ ಪೆಟ್ಟು ಪೂರ್ತಿ ಮಾಯುತ್ತದೆಯೋ ಇಲ್ಲವೋ ಆರು ತಿಂಗಳು ನೋಡಬೇಕು ಎಂದಿದ್ದರು ಡಾಕ್ಟರು. ಹದಿನೈದು ದಿನಕ್ಕೊಮ್ಮೆ ರಕ್ತ ಪರೀಕ್ಷೆ. ಪರಮೇಶ್ ಅತ್ತೆಯನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಮಾಸ್ತಮ್ಮನಿಗೆ ಅನ್ನಿಸುತ್ತಿತ್ತು. ಮಾತೇ ಆಡಲಿಲ್ಲ.

ಪೈರಿಗೆ ಎರಡನೆಯ ಕಳೆ ತೆಗೆಯುವ ಹೊತ್ತಿಗೆ, ಒಂದು ಭಾನುವಾರ ಮಾಸ್ತಮ್ಮ ಮಗಳನ್ನು ನೋಡಲು ಹೋದಳು. ಅಡುಗೆಮನೆಯ ಗೋಡೆಗೆ ದೊಡ್ಡ ಅಕ್ಷರದ ಒಂದು ಹಾಳೆ ಅಂಟಿಸಿತ್ತು. ಬೆಳಗ್ಗೆ ಇಂಥ ಮಾತ್ರೆ, ಮಧ್ಯಾಹ್ನ ಇಂಥದ್ದು. ಡಾಕ್ಟರು ಬೇಡವೆಂದಿದ್ದರ ಮುಂದೆ ಕೆಂಪು ಗೆರೆ. ಬರೆದವಳು ಲಿಖಿತಾ. ಮಾತ್ರೆಗಳು ತಮ್ಮ ತಮ್ಮ ಸ್ಟ್ರಿಪ್ಪಿನಲ್ಲೇ ಇದ್ದವು. ಪರಮೇಶ್ ಒಳಗಿನಿಂದ ಬಂದ. ಒಂದೂವರೆ ತಿಂಗಳ ನಂತರ ಮೊದಲ ಸಲ ಮಾತಾಡಿದ.

"ಅತ್ತೆ, ಹನ್ನೊಂದು ಗಂಟೆ ಮಾತ್ರೆ ನೀವೇ ಕೊಟ್ಬಿಡಿ. ನಾನು ಹೊರಗೆ ಹೋಗ್ಬೇಕು."

ಮಾಸ್ತಮ್ಮ ಹಾಳೆಯನ್ನು ಮೂರು ಸಲ ಓದಿದಳು. ಮಾತ್ರೆಯ ಹೆಸರನ್ನು ಅಕ್ಷರ ಕೂಡಿಸಿ ಓದಿದಳು. ಆಮೇಲೂ ಮಗಳಿಗೆ ತೋರಿಸಿ, "ಇದೇ ತಾನೆ?" ಎಂದು ಕೇಳಿ ಕೊಟ್ಟಳು.

ಆ ವಾರದ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಅವಳು ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಹಾಲಿನ ಲೋಟದ ಸಂಗತಿ, ಸುಳ್ಳು ಹೇಳಿದ್ದು, ಸಿರಿಂಜು. ಶಾಂತಮ್ಮ ಕೂಡ ಮಧ್ಯೆ ಬಾಯಿ ಹಾಕಲಿಲ್ಲ.

"ಮಗಳು ಬದುಕಿದ್ಲಲ್ಲ ಮಾಸ್ತಕ್ಕ, ಬಿಡು. ತೀರಿತು," ಎಂದರು ಯಾರೋ.

"ಅವಳು ಕೇಳಿದಾಗ ನಾನು ಕೊಡದ ನೀರಿದೆಯಲ್ಲ, ಅದು ನನ್ನ ತಲೆ ಮೇಲಿನ ಸಾಲ," ಎಂದಳು ಮಾಸ್ತಮ್ಮ. "ಈಗ ಎಷ್ಟು ಕೊಟ್ರೂ ಅದು ತೀರಲ್ಲ ಮಾರಾಯ್ತಿ. ನೀವು ಯಾರೂ ಅಂಥ ಸಾಲ ಮಾಡ್ಕೋಬೇಡಿ."

ಇದನ್ನು ಓದುತ್ತಿರುವ ಅಮ್ಮಂದಿರೇ, ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಶಕ್ತಿಯ ಮಾತ್ರೆ, ಪುಡಿ, ಟಾನಿಕ್ ಇರಬಹುದು. ತೂಕ ಇಳಿಸುವ ಆಪರೇಶನ್ ಆದವರು ಇದ್ದರಂತೂ ಖಂಡಿತ ಇರುತ್ತವೆ, ಇರಲೇಬೇಕು. ಅವನ್ನು ನಿಮ್ಮಷ್ಟಕ್ಕೆ ಹೆಚ್ಚಿಸಬೇಡಿ, ನಿಮ್ಮಷ್ಟಕ್ಕೆ ಬಿಡಲೂ ಬೇಡಿ. ವಾರಕ್ಕೊಂದು ಎಂದು ಬರೆದಿದ್ದರೆ ಅದಕ್ಕೆ ವಾರದಲ್ಲಿ ಒಂದು ದಿನವನ್ನು ಗೊತ್ತು ಮಾಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕಬ್ಬಿಣದ ಮಾತ್ರೆಯನ್ನೂ ಸುಣ್ಣಾಂಶದ ಮಾತ್ರೆಯನ್ನೂ ಒಟ್ಟಿಗೆ ನುಂಗಿಸದೆ ನಡುವೆ ಎರಡು ಗಂಟೆ ಬಿಡಿ. ಚೀಟಿಯಿಲ್ಲದೆ ಅಂಗಡಿಯಿಂದ ತರಬೇಡಿ. ದೂರವೆಂದು ರಕ್ತ ಪರೀಕ್ಷೆ ಬಿಡಬೇಡಿ, ಹತ್ತಿರದ ಊರಿನಲ್ಲೂ ಮಾಡಿಸಬಹುದೇ ಎಂದು ಡಾಕ್ಟರನ್ನೇ ಕೇಳಿ. ತಡೆಯಲಾರದ ಬಾಯಾರಿಕೆ, ನಿಲ್ಲದ ವಾಂತಿ, ಕಟ್ಟಿದ ಹೊಟ್ಟೆ, ತಪ್ಪುವ ಮಾತು ಕಂಡರೆ ನಾಳೆಗೆ ಉಳಿಸದೆ ಅವತ್ತೇ ಆಸ್ಪತ್ರೆಗೆ ಹೋಗಿ. ಮಲ ಕಪ್ಪಗೆ ಹೋದರೂ ಕೇಳಿ; ಅದು ಬರೀ ಕಬ್ಬಿಣವೋ ರಕ್ತವೋ ಎಂದು ಹೇಳಬೇಕಾದವರು ಡಾಕ್ಟರು. ಕೇಳಿದವರನ್ನು ನೋಡಿ ನಗಬೇಡಿ.

ಡಾಕ್ಟರು "ಏನೇನು ಕೊಟ್ಟಿರಿ" ಎಂದು ಕೇಳಿದಾಗ, ಕೊಟ್ಟದ್ದನ್ನೆಲ್ಲ ಹೇಳಿಬಿಡಿ. ಯಾರು ಎದುರಿಗಿದ್ದರೂ ಹೇಳಿ. ನಿಮಗಾಗುವ ನಾಚಿಕೆ ನಾಲ್ಕು ದಿನದ್ದು. ಹಾಸಿಗೆಯ ಮೇಲೆ ಮಲಗಿದವರು ತಮ್ಮ ಪರವಾಗಿ ಮಾತಾಡಲಾರರು, ಅವರ ಬಾಯಿ ಆಗ ನೀವೇ.